ದೂಷಿತ ಪಂಕದ ನಿಕ್ಷೇಪವೂ ಅದರ ಪರೀಕ್ಷಣಕ್ರಮವೂ

ಕನ್ನಡದಲ್ಲಿ ‘ಹೂಳು’ ಎಂಬ ಶಬ್ದವು ನಾಮವಾಗಿಯೂ ಕ್ರಿಯೆಯಾಗಿಯೂ ನಡೆಯುತ್ತಿರುವುದು ವಿದ್ವಾಂಸರಿಗೆ ತಿಳಿದ ಸಂಗತಿಯೇ. ನೀರು ಹೊತ್ತು ತಂದು ಕೆರೆಯ ತಳದಲ್ಲಿ ನಿಲ್ಲಿಸಿದ ನವುರಾದ ಮಣ್ಣು ಹೂಳು. ಒಂದು ವಸ್ತುವನ್ನು ನೆಲದೊಳಗಿಟ್ಟು ಮೇಲೆ ಮಣ್ಣು ಮುಚ್ಚುವುದೂ ಹೂಳುವುದೇ. ಈ ಎರಡು ಅರ್ಥಗಳು ಒಂದೇ ವಾಕ್ಯದಲ್ಲಿ ಸೇರುವ ಪ್ರಸಂಗವು ನಮ್ಮ ಹಿರಿಯರಿಗೆ ಒದಗಿರಲಾರದು, ನಮಗೆ ಒದಗಿದೆ. ವಿಷದ್ರವ್ಯಗಳಿಂದ ಕೆಟ್ಟುಹೋದ ಹೂಳನ್ನು ಕೆರೆಯಿಂದಲೋ ಬಂದರಿನಿಂದಲೋ ಎತ್ತಿ, ಸಮುದ್ರದ ತಳದಲ್ಲಿ ತೋಡಿದ ಗುಂಡಿಯಲ್ಲಿಯೋ ಕಲ್ಲು ಒಡೆದು ಬಿಟ್ಟ ಹಳ್ಳದಲ್ಲಿಯೋ ಮತ್ತೆ ಹೂಳುವುದು, ಹೂಳಿದ ಮೇಲೆ ಅದು ಹೂಳಿದಲ್ಲಿಯೇ ಇದೆಯೇ ಎಂಬುದನ್ನು ವರುಷ ವರುಷವೂ ನೋಡುತ್ತಿರುವುದು, ಈ ಕಾರ್ಯದ ಕ್ರಮವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಸಾಹಿತ್ಯಾಭ್ಯಾಸಿಗಳ ಪತ್ರಿಕೆಯಲ್ಲಿ ಕೆಸರಿನ ಮಾತೇಕೆಂದು ಯಾರಾದರೂ ಕೇಳಿದರೆ, ಪಂಕಜವನ್ನು ಸಾವಿರಾರು ಸಲ ವರ್ಣಿಸಿದವರು ಪಂಕವನ್ನು ಒಮ್ಮೆಯಾದರೂ ವಿಚಾರಿಸುವುದು ನ್ಯಾಯವೆಂದು ಉತ್ತರ ಹೇಳಬಹುದು.

ಈ ವಿಚಾರಕ್ಕೆ ನಾನು ತೊಡಗಿದ್ದು ಒಂದು ಪ್ರಶ್ನೆಯಿಂದ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಸೂಳೆಕೆರೆಯ ನೆರೆಯ ಗ್ರಾಮ. ಊರಿನ ಹೆಸರಿನ ಮೊದಲಿಗೇ ಕೆರೆ ಬಂದು ಕುಳಿತಿದೆ. ಶಾಂತಿಸಾಗರವೆಂಬ ನಾಮಾಂತರವುಳ್ಳ ಸೂಳೆಕೆರೆಯನ್ನು ಶಾಂತವ್ವೆ ಎಂಬ ರಾಜಪುತ್ರಿಯು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದಳೆಂಬ ಐತಿಹ್ಯವುಂಟು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಕಟ್ಟಿದ ಏರಿಯ ಉದ್ದವು ಸುಮಾರು ೯೫೦ ಅಡಿ ಮಾತ್ರ. ಅದು ತಡೆದು ನಿಲ್ಲಿಸುವ ನೀರಿನ ವಿಸ್ತಾರವಾದರೋ ಸುಮಾರು ೬,೫೫೦ ಎಕರೆ. ಹರಿದ್ರಾ ಎಂಬ ಹಳ್ಳವು ಈ ಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳಿಂದ ಕೆಳಗಿನ ಗದ್ದೆತೋಟಗಳಿಗೆ ನೀರು ಹರಿಯುತ್ತದೆ. ಇಂತಹ ಕೆರೆಗಳ ಅಂಗಳವು ಬೇಸಗೆಯಲ್ಲಿ ಒಣಗಿದಾಗ ಗೋಡನ್ನು ಅಗೆದು ಹೊಲಕ್ಕೆ ಹೊಡೆಯುವುದು ಈ ಸೀಮೆಯ ರೈತರಿಗೆ ಪರಂಪರೆಯಿಂದ ಬಂದ ಕೃಷಿಕ್ರಮ. ಈ ಭಾಗದ ನನ್ನ ಪರಿಚಯದ ರೈತರೊಬ್ಬರು ಒಮ್ಮೆ ಗೋಡು ತುಂಬಿದ ಟ್ರಾಕ್ಟರನ್ನು ದಾರಿಯ ಬದಿಗೆ ನಿಲ್ಲಿಸಿ, “ಶಾಸ್ತ್ರಿಗಳೇ, ಬೆಂಗಳೂರು ಕೆರೆ ಹೂಳು ವಿಷವಂತೆ, ಹೊಲಕ್ಕೆ ಹಾಕಬಾರದಂತೆ. ನಮ್ದು ಹೆಂಗೆ ಅಂತ ಯಾರನ್ನ ಕೇಳೋದು?” ಎಂದರು. ಮಣ್ಣಿನ ವಿಷಯದಲ್ಲಿ ರೈತನು ಪಂಡಿತನನ್ನು ಕೇಳುವ ಕಾಲ ಬಂದುದೇ ನನಗೆ ಸೋಜಿಗವಾಯಿತು. ಉತ್ತರ ತಿಳಿಯದೆ ಅಂದು ಸುಮ್ಮನೆ ಬಂದೆನು.

ಪೂರ್ವಿಕರು ಹೂಳನ್ನು ಹೇಗೆ ಕಂಡಿದ್ದರೆಂಬುದನ್ನು ಮೊದಲು ನೋಡೋಣ. ಕರ್ಣಾಟಕದ ಶಾಸನಗಳಲ್ಲಿ ಕೆರೆಯ ಜೀರ್ಣೋದ್ಧಾರಕ್ಕೂ ಹೂಳೆತ್ತುವ ಬಂಡಿಗಳಿಗೂ ಭೂಮಿಯನ್ನು ಬಿಟ್ಟ ದಾನಗಳು ವಿಪುಲವಾಗಿವೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ ಎಂಬ ಪಾರಿಭಾಷಿಕ ಶಬ್ದಗಳು ಅಲ್ಲಿಂದಲೇ ನಮಗೆ ದೊರೆತವು. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಶಕ ೧೨೯೧ರಲ್ಲಿ, ಎಂದರೆ ಕ್ರಿ.ಶ. ೧೩೬೯ರಲ್ಲಿ, ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ಆಮೆಯ ಬೆನ್ನಿನಂತೆ ದಿಬ್ಬವೇಳುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು, ಇವೇ ಆ ಆರು. ಹೂಳು ವಿಷವಾಗಬಹುದೆಂಬ ಏಳನೆಯ ದೋಷವು ಆ ಪಟ್ಟಿಯಲ್ಲಿಲ್ಲ. ಇರಲು ಕಾರಣವೂ ಇರಲಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಮಲಮೂತ್ರ ರಕ್ತಗಳೊಡನೆ ವಿಷವನ್ನೂ ನೀರಿಗೆ ಹಾಕಕೂಡದೆಂದು ನಿಷೇಧಿಸಿದೆ. ಕೌಟಿಲ್ಯನು ಬೀದಿಯಲ್ಲಿ ಕಸ ಚೆಲ್ಲಿದವನಿಗೂ ಕೆಸರುನೀರು ನಿಲ್ಲುವಂತೆ ಮಾಡಿದವನಿಗೂ ದಂಡವನ್ನು ವಿಧಿಸಿದ್ದಾನೆ. ಆದರೆ ನೀರಿಗೆ ಬಿದ್ದ ವಿಷವು ಹರಿದುಹೋಗದೆ ತಳದ ಮಣ್ಣಿನಲ್ಲಿ ದಶಕಗಳ ಕಾಲ ಕುಳಿತಿರುವುದೆಂಬ ವಿವರವು ಅವರಿಗೆ ಬೇಕಾಗಿರಲಿಲ್ಲ. ಕಾರ್ಖಾನೆಯೂ ಲಕ್ಷಗಟ್ಟಲೆ ಮನೆಗಳ ಕೊಳಚೆಯೂ ಒಂದೇ ಕೆರೆಗೆ ಇಳಿದ ಮೇಲೆಯೇ ಅದು ಬೇಕಾದದ್ದು.

ಬೆಂಗಳೂರಿನ ಆಗ್ನೇಯದಲ್ಲಿರುವ ಬೆಳ್ಳಂದೂರು ಕೆರೆಯೇ ಇದಕ್ಕೆ ನಮ್ಮ ನಾಡಿನ ಮುಖ್ಯವಾದ ಉದಾಹರಣೆ. ಸುಮಾರು ೯೦೦ ಎಕರೆಯ ಈ ಕೆರೆಯೂ ಅದರ ಕೆಳಗಿನ ವರ್ತೂರು ಕೆರೆಯೂ ನಗರದ ಕೊಳಚೆಯ ದೊಡ್ಡ ಪಾಲನ್ನು ಅನೇಕ ದಶಕಗಳಿಂದ ಹೊತ್ತಿವೆ. ೨೦೧೫ರ ಮೇ ತಿಂಗಳಿನಲ್ಲಿಯೂ ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಬೆಳ್ಳಂದೂರಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಬಡಬಾನಲವನ್ನು ಕವಿಸಮಯವೆಂದು ಪಾಠ ಹೇಳುತ್ತಿದ್ದ ನಮ್ಮಂಥವರಿಗೆ ನೀರಿನ ಮೇಲಿನ ಬೆಂಕಿಯು ವೃತ್ತಪತ್ರಿಕೆಯ ವಾರ್ತೆಯಾಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ೨೦೧೮ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು. ಕೊಳಚೆಯನ್ನು ತಿರುಗಿಸಿ, ನೀರನ್ನು ಬಸಿದು, ಹೂಳೆತ್ತುವ ಕೆಲಸವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪಾಲಿಗೆ ಬಂದಿತು. ಆಗ ಎದ್ದ ಪ್ರಶ್ನೆ, ಎತ್ತಿದ್ದನ್ನು ಎಲ್ಲಿ ಇಡುವುದು ಎಂಬುದು. ಮೈಲಸಂದ್ರ, ವಿಟ್ಟಸಂದ್ರಗಳ ಪಾಳುಬಿದ್ದ ಕಲ್ಲುಗಣಿಗಳಲ್ಲಿ ತುಂಬುವ ಯೋಜನೆಯಾಯಿತು; ಅಂತರ್ಜಲವು ಕೆಡುವುದೆಂಬ ಆಕ್ಷೇಪಣೆಯೂ ಒಡನೆಯೇ ಬಂದಿತು. ಹೂಳನ್ನು ಹೊಲಗಳಿಗೆ ಕೊಡಬಹುದೆಂಬ ಮಾತೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಕೆರೆಗಳ ಹೂಳಿನಲ್ಲಿ ಭಾರಲೋಹಗಳಿರುವುದನ್ನು ಮೊದಲೇ ತೋರಿಸಿದ್ದರು. ರೈತನ ಕಿವಿಗೆ ಬಿದ್ದ ‘ವಿಷವಂತೆ’ ಎಂಬ ಮಾತಿನ ಮೂಲವು ಇದೇ.

ಲೋಹವು ಹೂಳಿನಲ್ಲಿ ನಿಲ್ಲುವ ಬಗೆಯನ್ನು ತಿಳಿಯದೆ ಮುಂದಿನ ಮಾತು ತಿಳಿಯುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂ, ಪಾದರಸ ಮೊದಲಾದವು ನೀರಿನಲ್ಲಿ ಕರಗಿ ಬಂದರೂ ಬಹುಕಾಲ ಕರಗಿದ ಸ್ಥಿತಿಯಲ್ಲಿಯೇ ಇರುವುದಿಲ್ಲ. ಜೇಡಿಯ ಅತಿಸೂಕ್ಷ್ಮವಾದ ಕಣಗಳಿಗೂ ಕೊಳೆತ ಸಸ್ಯಾಂಶಗಳಿಗೂ ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಮರಳಿನಲ್ಲಿ ಅವು ಅಷ್ಟಾಗಿ ನಿಲ್ಲವು. ನುಣ್ಣನೆಯ ಕೆಸರಿನಲ್ಲಿಯೇ ನಿಲ್ಲುವವು. ತಳದಲ್ಲಿ ಆಮ್ಲಜನಕವು ಇಲ್ಲದಿರುವುದರಿಂದ ಅಲ್ಲಿಯ ಸೂಕ್ಷ್ಮಜೀವಿಗಳು ಗಂಧಕದ ಲವಣಗಳನ್ನು ಒಡೆದು ಸಲ್ಫೈಡನ್ನು ಹುಟ್ಟಿಸುತ್ತವೆ. ಕೆಸರಿಗೆ ಕಪ್ಪು ಬಣ್ಣವೂ ಕೊಳೆತ ಮೊಟ್ಟೆಯ ವಾಸನೆಯೂ ಬರುವುದು ಇದರಿಂದಲೇ. ಈ ಸಲ್ಫೈಡಿನೊಡನೆ ಲೋಹಗಳು ಕೂಡಿ ಗಟ್ಟಿಯಾಗಿ ಬಂಧಿತವಾಗುತ್ತವೆ. ರಸಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ಚಂಚಲವಾದ ಪಾರದವನ್ನು ಗಂಧಕದೊಡನೆ ಅರೆದರೆ ಕಪ್ಪಾದ ಕಜ್ಜಲಿಯಾಗುವುದು. ಗಂಧಕಬದ್ಧವಾದ ಇಂಗಳೀಕದಲ್ಲಿ ಪಾರದವಿರುವುದು ಕಣ್ಣಿಗೆ ಕಾಣದು, ಬೆಂಕಿಗಿಟ್ಟು ಕಾಸಿದರೆ ಮತ್ತೆ ಹೊರಬರುವುದು. ಬಂಧನವೆಂಬ ಶಬ್ದವನ್ನೇ ಆ ಶಾಸ್ತ್ರಕಾರರು ಬಳಸಿದ್ದಾರೆ. ಕೆರೆಯ ಕೆಸರಿನಲ್ಲಿ ಆ ಬಂಧನವನ್ನು ಬಿಡಿಸುವುದಕ್ಕೆ ಬೆಂಕಿಯೂ ಬೇಡ, ಗಾಳಿ ಸಾಕು. ಕಪ್ಪು ಕೆಸರನ್ನು ಎತ್ತಿ ಬಿಸಿಲಿಗೆ ಹರಡಿದೊಡನೆ ಸಲ್ಫೈಡು ಆಮ್ಲಜನಕದೊಡನೆ ಕೂಡಿ ಸಲ್ಫೇಟಾಗುವುದು. ಕೆಲವು ಮಣ್ಣುಗಳಲ್ಲಿ ಹುಳಿಯೂ ಹುಟ್ಟುವುದು. ಲೋಹವು ಸಡಿಲವಾಗಿ ನೀರಿಗೂ ಬೇರಿಗೂ ಸಿಕ್ಕುವುದು.

ಇದರಿಂದ ಫಲಿಸುವುದು ಲೋಕರೂಢಿಗೆ ಸ್ವಲ್ಪ ವಿರುದ್ಧವಾದದ್ದು. ಕೆಟ್ಟ ವಸ್ತುವನ್ನು ಒಣಗಿಸಿ ದೂರವಿಡಬೇಕೆಂದು ಸಾಮಾನ್ಯರು ತಿಳಿಯುತ್ತಾರೆ. ಈ ಕೆಸರಿನ ಮಟ್ಟಿಗೆ ಅದನ್ನು ಒದ್ದೆಯಾಗಿಯೇ, ಕತ್ತಲೆಯಲ್ಲಿಯೇ, ಗಾಳಿ ತಾಕದಂತೆಯೇ ಇಡುವುದು ಮೇಲು. ಸಮುದ್ರತಳದ ಗುಂಡಿಯೆಂಬ ಉಪಾಯವು ಹುಟ್ಟಿದ್ದು ಈ ತಿಳಿವಳಿಕೆಯಿಂದ.

ಇದರಲ್ಲಿ ದೀರ್ಘಕಾಲದ ಅನುಭವವುಳ್ಳ ಸ್ಥಳವು ಹಾಂಗ್‌ಕಾಂಗ್. ಅಲ್ಲಿಯ ಬಂದರುಗಳ ತಳದ ಕೆಸರು ಕಾರ್ಖಾನೆಗಳ ಕೊಳಚೆಯಿಂದ ಕೆಟ್ಟಿತ್ತು. ಹೊಸ ನೆಲವನ್ನು ತುಂಬುವುದಕ್ಕೂ ಹಡಗಿನ ದಾರಿಗಳನ್ನು ಆಳಮಾಡುವುದಕ್ಕೂ ಅದನ್ನು ತೆಗೆಯಲೇಬೇಕಾಗಿತ್ತು. ೧೯೯೨ರಿಂದ ಮೊದಲ್ಗೊಂಡು, ಷಾ ಚೌ ಎಂಬ ದ್ವೀಪದ ಪೂರ್ವದ ಕಡಲಿನಲ್ಲಿ ಗುಂಡಿಗಳನ್ನು ತೋಡಿ ಅವುಗಳಲ್ಲಿ ಆ ಕೆಸರನ್ನು ಇಳಿಸುತ್ತ ಬಂದರು. ಮರಳು ತೆಗೆದು ಬರಿದಾದ ಗುಂಡಿಗಳನ್ನೂ ಬಳಿಕ ಬಳಸಿಕೊಂಡರು. ಕೆಸರು ಸುತ್ತಲಿನ ತಳದ ಮಟ್ಟಕ್ಕೆ ಏರುವ ಮೊದಲೇ ತುಂಬುವುದನ್ನು ನಿಲ್ಲಿಸಿ, ಉಳಿದ ಕೆಲವು ಮೀಟರುಗಳನ್ನು ಶುದ್ಧವಾದ ಮಣ್ಣಿನಿಂದ ಮುಚ್ಚುವುದು ಕ್ರಮ. ಮುಚ್ಚಳದ ಕೆಲಸ ಮೂರು ಬಗೆಯದು: ಅಲೆ ಸೆಳೆತಗಳಿಗೆ ಕೆಸರು ಸಿಕ್ಕದಂತೆ ತಡೆಯುವುದು, ಕೆಳಗಿನ ನೀರು ಮೇಲಕ್ಕೆ ಜಿನುಗುವುದನ್ನು ನಿಧಾನಿಸುವುದು, ನೆಲ ಕೊರೆಯುವ ಹುಳುಗಳ ಬಿಲವು ವಿಷದವರೆಗೆ ಮುಟ್ಟದಂತೆ ಮಾಡುವುದು. ಅಮೆರಿಕದ ಬಾಸ್ಟನ್ ಬಂದರಿನಲ್ಲಿಯೂ ಇಂತಹ ಗುಂಡಿಗಳನ್ನು ಬಳಸಿದ್ದಾರೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲಿಯೂ ಹೂಳೆತ್ತಿ ಕಡಲಿಗೆ ಹಾಕುವುದುಂಟು. ಆದರೆ ಅದು ಕಡಲಿನಲ್ಲಿ ನಿಯತವಾದ ಸ್ಥಳಕ್ಕೆ ಸುರಿಯುವುದೇ ಹೊರತು ಗುಂಡಿಯಲ್ಲಿ ಹೂಳಿ ಮುಚ್ಚುವುದಲ್ಲ.

ಯಾವ ಕೆಸರು ಗುಂಡಿಗೆ ಹೋಗತಕ್ಕುದೆಂಬುದಕ್ಕೆ ಹಾಂಗ್‌ಕಾಂಗಿನವರು ಇಟ್ಟುಕೊಂಡಿರುವ ಅಳತೆಯು ಗಮನಾರ್ಹವಾದದ್ದು. ಪ್ರತಿಯೊಂದು ಲೋಹಕ್ಕೂ ಕೆಳಗಿನ ಮೇರೆ, ಮೇಲಿನ ಮೇರೆ ಎಂದು ಎರಡು ಗೆರೆಗಳಿವೆ. ಒಣಗಿಸಿ ತೂಗಿದ ಒಂದು ಕಿಲೋಗ್ರಾಂ ಕೆಸರಿನಲ್ಲಿ ಸೀಸವು ೭೫ ಮಿಲಿಗ್ರಾಮಿಗೆ ಮೀರದಿದ್ದರೆ ಕೆಳಗಿನ ಮೇರೆಯೊಳಗೆ. ೧೧೦ನ್ನು ದಾಟಿದರೆ ಮೇಲಿನ ಮೇರೆಯನ್ನು ಮೀರಿದಂತೆ. ಕ್ಯಾಡ್ಮಿಯಮಿಗೆ ಈ ಅಂಕಗಳು ೧.೫ ಮತ್ತು ೪, ಪಾದರಸಕ್ಕೆ ೦.೫ ಮತ್ತು ೧. ಎರಡು ಗೆರೆಗಳ ನಡುವೆ ಬಿದ್ದದ್ದನ್ನು ರಸಾಯನದ ಅಂಕದಿಂದಲೇ ನಿರ್ಣಯಿಸುವುದಿಲ್ಲ. ಆ ಕೆಸರಿನಲ್ಲಿ ಸಣ್ಣ ಜಲಜಂತುಗಳನ್ನೂ ಹುಳುಗಳನ್ನೂ ಚಿಪ್ಪುಮೀನಿನ ಮರಿಗಳನ್ನೂ ಇರಿಸಿ, ಅವು ಬದುಕುವವೋ ಸಾಯುವವೋ, ಬೆಳೆಯುವವೋ ಕುಗ್ಗುವವೋ ಎಂಬುದನ್ನು ನೋಡುತ್ತಾರೆ. ಅಂಕವು ದ್ರವ್ಯದ ಪರಿಮಾಣವನ್ನು ಹೇಳೀತು. ಅದು ಬದ್ಧವಾಗಿದೆಯೋ ಸಡಿಲವಾಗಿದೆಯೋ ಎಂಬುದನ್ನು ಪ್ರಾಣಿಯೇ ಹೇಳಬೇಕು. ವೈದ್ಯನು ನಾಡಿಯನ್ನು ಹಿಡಿಯುವುದಕ್ಕೂ ರೋಗಿಯ ತೂಕ ನೋಡುವುದಕ್ಕೂ ಇರುವ ಭೇದವೇ ಇಲ್ಲಿಯದು.

ಇನ್ನು ಪರೀಕ್ಷಣಕ್ರಮ. ಇದು ನಮ್ಮ ಪ್ರಮಾಣಶಾಸ್ತ್ರಕ್ಕೆ ಎಷ್ಟು ಸಮೀಪವಾದದ್ದೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡಿತು. ಸಾಧಿಸಬೇಕಾದ ಮಾತು, ‘ಗುಂಡಿಯಿಂದ ವಿಷವು ಹೊರಬರುತ್ತಿಲ್ಲ’ ಎಂಬ ಅಭಾವ. ಅಭಾವವನ್ನು ಸಾಧಿಸುವುದು ಭಾವವನ್ನು ಸಾಧಿಸುವುದಕ್ಕಿಂತ ಕಷ್ಟವೆಂಬುದನ್ನು ನೈಯಾಯಿಕರೂ ಮೀಮಾಂಸಕರೂ ಬಲ್ಲರು. ಮೊದಲನೆಯದಾಗಿ, ಗುಂಡಿ ತೋಡುವುದಕ್ಕೆ ಮುಂಚೆಯೇ ಆ ಸ್ಥಳದ ನೀರು, ಕೆಸರು, ಮೀನುಗಳನ್ನು ಪರೀಕ್ಷಿಸಿ ಬರೆದಿಡಬೇಕು. ಪ್ರಾಗಭಾವವನ್ನು ತಿಳಿಯದವನು ಉತ್ಪತ್ತಿಯನ್ನು ತಿಳಿಯಲಾರನು. ಮೊದಲು ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ ಈಗ ಹೆಚ್ಚಾಯಿತೆಂದು ಹೇಳುವುದು ಹೇಗೆ? ಎರಡನೆಯದಾಗಿ, ತುಂಬುತ್ತಿರುವ ಗುಂಡಿಯೊಳಗೆ, ಗುಂಡಿಯ ಅಂಚಿನಲ್ಲಿ, ಅದರ ಸಮೀಪದಲ್ಲಿ, ನಡುದೂರದಲ್ಲಿ, ಬಹುದೂರದಲ್ಲಿ ಹೀಗೆ ಸಾಲಾಗಿ ನೆಲೆಗಳನ್ನು ನಿಯಮಿಸಿ, ಗೊತ್ತಾದ ಅವಧಿಗೊಮ್ಮೆ ತಳದ ಕೆಸರನ್ನು ಎತ್ತಿ ಲೋಹಗಳನ್ನು ಅಳೆಯುತ್ತಾರೆ. ಗುಂಡಿಯ ಬಳಿ ಹೆಚ್ಚಾಗಿ ದೂರ ಹೋದಂತೆ ಕಡಮೆಯಾಗುತ್ತಿದ್ದರೆ ಅನ್ವಯ. ದೂರದ ನೆಲೆಯಲ್ಲಿ ಇಲ್ಲದಿದ್ದರೆ ವ್ಯತಿರೇಕ. ಇವೆರಡೂ ಕೂಡಿದಾಗಲೇ ಗುಂಡಿಯು ಕಾರಣವೆಂದು ಹೇಳಬಹುದು.

ಇಲ್ಲಿ ಉಪಾಧಿಯ ಭಯವುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ವ್ಯಾಪ್ತಿಯನ್ನು ಹಸಿಸೌದೆಯೆಂಬ ಉಪಾಧಿಯು ಕೆಡಿಸುವಂತೆ, ಗುಂಡಿಯ ಅಂಚಿನಲ್ಲಿ ಕಂಡ ಸತುವು ಗುಂಡಿಯದೇ ಆಗಿರಬೇಕಾಗಿಲ್ಲ. ಹಾಂಗ್‌ಕಾಂಗಿನ ಪಶ್ಚಿಮದಲ್ಲಿ ಪರ್ಲ್ ಎಂಬ ಮಹಾನದಿಯು ಕಡಲಿಗೆ ಬೀಳುವುದು. ಮಳೆಗಾಲದಲ್ಲಿ ಅದು ತರುವ ರಾಡಿಯಿಂದ ಎಲ್ಲ ನೆಲೆಗಳಲ್ಲಿಯೂ ಅಂಕಗಳು ಏರಬಹುದು. ಆದಕಾರಣವೇ ದೂರದ ನೆಲೆಗಳನ್ನು ಇಟ್ಟುಕೊಳ್ಳುವುದು, ಆದಕಾರಣವೇ ಮಳೆಗಾಲ ಬೇಸಗೆಗಳ ಲೆಕ್ಕವನ್ನು ಬೇರೆ ಬೇರೆ ಮಾಡುವುದು. ಅಲ್ಲಿಯೂ ಇಲ್ಲಿಯೂ ಒಟ್ಟಿಗೆ ಏರಿದರೆ ನದಿ. ಇಲ್ಲಿ ಮಾತ್ರ ಏರಿದರೆ ಗುಂಡಿ.

ಅನುಪಲಬ್ಧಿಯ ವಿಷಯದಲ್ಲಿ ಭಾಟ್ಟರ ಸೂಕ್ಷ್ಮವು ಇಲ್ಲಿಗೆ ಇನ್ನೂ ಹೆಚ್ಚಾಗಿ ಒಪ್ಪುವುದು. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದು ಹೇಳಕೂಡದು; ಇದ್ದಿದ್ದರೆ ಕಾಣಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಬೆಳಕಿನಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧಿಸದು. ಪ್ರಯೋಗಶಾಲೆಯ ಪ್ರತಿಯೊಂದು ಯಂತ್ರಕ್ಕೂ ಇಷ್ಟಕ್ಕಿಂತ ಕಡಮೆಯಿದ್ದರೆ ಕಾಣೆನೆಂಬ ಒಂದು ಎಲ್ಲೆಯಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ೨೦೧೨ರಲ್ಲಿ ಸೀಸಕ್ಕೆ ಲೀಟರಿಗೆ ೦.೦೧ ಮಿಲಿಗ್ರಾಮನ್ನೂ ಕ್ಯಾಡ್ಮಿಯಮಿಗೆ ೦.೦೦೩ ಮಿಲಿಗ್ರಾಮನ್ನೂ ಮೇರೆಯಾಗಿ ಇಟ್ಟಿದೆ. ಒಂದು ಪ್ರಯೋಗಶಾಲೆಯ ಯಂತ್ರಕ್ಕೆ ೦.೦೫ಕ್ಕಿಂತ ಕೆಳಗಿನದು ಕಾಣದೆಂದು ಇಟ್ಟುಕೊಳ್ಳೋಣ. ಅದು ‘ಸೀಸವು ಕಂಡುಬರಲಿಲ್ಲ’ ಎಂದು ಕೊಟ್ಟ ವರದಿಯು ಅಕ್ಷರಶಃ ನಿಜವಾಗಿಯೇ ಇದ್ದು, ನೀರು ಮಾತ್ರ ಮೇರೆಗಿಂತ ನಾಲ್ಕು ಪಟ್ಟು ಕೆಟ್ಟಿರಬಹುದು! ವರದಿಗಳನ್ನು ಓದುವವರು ಅಂಕಕ್ಕಿಂತ ಮೊದಲು ಈ ಎಲ್ಲೆಯನ್ನು ಕೇಳಬೇಕು.

ನೀರಿನ ಪರೀಕ್ಷೆ ಬೇರೊಂದು. ಕೆಸರನ್ನು ದೋಣಿಯಿಂದ ಇಳಿಸುವಾಗ ಕಡಲು ಕದಡುವುದು. ಆಗ ರಾಡಿಯ ಪ್ರಮಾಣವನ್ನೂ ಕರಗಿದ ಆಮ್ಲಜನಕವನ್ನೂ ಅಳೆಯುತ್ತಾರೆ. ಬಲೆ ಹಾಕಿ ಹಿಡಿದ ಮೀನು ಸೀಗಡಿಗಳ ಮಾಂಸದಲ್ಲಿ ಲೋಹವೆಷ್ಟಿದೆಯೆಂದು ನೋಡಿ, ಅವುಗಳನ್ನು ತಿನ್ನುವ ಮನುಷ್ಯರಿಗೂ ಆ ಕಡಲಿನ ಬಿಳಿ ಡಾಲ್ಫಿನುಗಳಿಗೂ ಅಪಾಯವೆಷ್ಟೆಂಬ ಲೆಕ್ಕವನ್ನು ಹಾಕುತ್ತಾರೆ. ಮುಚ್ಚಿದ ಗುಂಡಿಗಳ ಮೇಲೆ ಹುಳು ಚಿಪ್ಪುಗಳು ಮತ್ತೆ ಬಂದು ನೆಲಸಿದುವೇ ಎಂಬುದು ಕೊನೆಯ ಪರೀಕ್ಷೆ. ಊರು ಮತ್ತೆ ಊರಾಯಿತೇ ಎಂದು ನೋಡುವ ಈ ಪರೀಕ್ಷೆಯೇ ಉಳಿದೆಲ್ಲಕ್ಕಿಂತ ಹೃದ್ಯವಾಗಿ ನನಗೆ ತೋರಿದೆ.

ಈಗ ಬೆಂಗಳೂರಿನ ಕಲ್ಲುಗಣಿಗೆ ಬರೋಣ. ಸಮುದ್ರತಳದ ಗುಂಡಿಯನ್ನೂ ಕಲ್ಲಿನ ಗುಂಡಿಯನ್ನೂ ‘ಗುಂಡಿ’ ಎಂಬ ಶಬ್ದಸಾಮ್ಯದಿಂದ ಒಂದೇ ಎಂದು ತಿಳಿಯುವುದು ಭ್ರಾಂತಿ. ಕಡಲಿನ ಗುಂಡಿಯಲ್ಲಿ ಕೆಸರು ಒಣಗುವುದೇ ಇಲ್ಲ. ಕಲ್ಲುಗಣಿಯಲ್ಲಿ ಅದು ಬೇಸಗೆಯಲ್ಲಿ ಬಿರಿಯುವುದು, ಮಳೆಗಾಲದಲ್ಲಿ ನೆನೆಯುವುದು. ಬಂಧನವು ವರುಷಕ್ಕೊಮ್ಮೆ ಸಡಿಲವಾಗುವುದು, ಸಡಿಲವಾದದ್ದನ್ನು ಮಳೆನೀರು ತೊಳೆದೊಯ್ಯುವುದು. ಬಂಡೆಯು ಅಭೇದ್ಯವೆಂಬ ನಂಬುಗೆಯೂ ಸರಿಯಲ್ಲ. ಬೆಂಗಳೂರಿನ ಸುತ್ತಿನ ಗಟ್ಟಿ ಕಲ್ಲಿನಲ್ಲಿ ನೀರು ನಡೆಯುವುದೇ ಬಿರುಕುಗಳಲ್ಲಿ, ಕೊಳವೆಬಾವಿಗಳು ಉಣ್ಣುವುದೂ ಅವೇ ಬಿರುಕುಗಳನ್ನು. ಸಿಡಿಮದ್ದಿಟ್ಟು ಕಲ್ಲು ಒಡೆದ ಸ್ಥಳದಲ್ಲಿ ಬಿರುಕುಗಳು ಮತ್ತೂ ಹೆಚ್ಚು. ಆದಕಾರಣ ಅಲ್ಲಿ ಹೂಳುವುದಾದರೆ ತಳಕ್ಕೂ ಪಕ್ಕಗಳಿಗೂ ಜೇಡಿಯ ಅಥವಾ ಪ್ಲಾಸ್ಟಿಕ್ ಹಾಳೆಯ ಒಳಪದರವು ಬೇಕು, ಜಿನುಗುನೀರನ್ನು ಕೂಡಿಸುವ ಮೋರಿ ಬೇಕು, ಮೇಲೆ ಮಳೆ ಇಳಿಯದ ಮುಚ್ಚಳ ಬೇಕು. ಪರೀಕ್ಷೆಗಾಗಿ ಗುಂಡಿಯ ಮೇಲ್ಗಡೆ ಒಂದು, ಇಳಿಜಾರಿನ ಕೆಳಗಡೆ ಹಲವು, ಹೀಗೆ ನೋಟದ ಬಾವಿಗಳನ್ನು ಕೊರೆದಿಡಬೇಕು. ಮೇಲ್ಗಡೆಯದು ವ್ಯತಿರೇಕದ ಸ್ಥಾನ, ಕೆಳಗಡೆಯವು ಅನ್ವಯದ ಸ್ಥಾನಗಳು. ಹೂಳುವುದಕ್ಕೆ ಮೊದಲು ಕೆಸರನ್ನು ದುರ್ಬಲವಾದ ಆಮ್ಲದಲ್ಲಿ ಅಲ್ಲಾಡಿಸಿ, ಎಷ್ಟು ಲೋಹವು ನೀರಿಗೆ ಬಿಡುವುದೆಂದು ನೋಡುವ ಪರೀಕ್ಷೆಯೂ ಉಂಟು. ಒಟ್ಟು ಲೋಹದ ಅಂಕಕ್ಕಿಂತ ಈ ಅಂಕವೇ ಇಲ್ಲಿ ಮುಖ್ಯ.

ಮಲೆನಾಡಿನಿಂದ ಇನ್ನೊಂದು ಉದಾಹರಣೆ. ಕುದುರೆಮುಖದ ಕಬ್ಬಿಣದ ಅದಿರನ್ನು ತೊಳೆದು ಉಳಿದ ನುಣ್ಣನೆಯ ಪುಡಿಯನ್ನು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಿದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಗಣಿಯ ಕೆಲಸವು ೨೦೦೫ರ ಕೊನೆಗೆ ನಿಂತಿತು. ಕಟ್ಟೆಯೂ ಅದರ ಹಿಂದಿನ ಹೂಳೂ ನಿಂತೇ ಇವೆ. ನಗರದ ಕೊಳಚೆಯಂತಹ ವಿಷ ಅದರಲ್ಲಿಲ್ಲವಾದರೂ, ಗಣಿಯಿದ್ದ ಬೆಟ್ಟದಿಂದ ಜಾರಿದ ಮಣ್ಣು ಭದ್ರೆಯನ್ನು ಕೆಂಪಾಗಿಸಿದ್ದನ್ನು ಆ ಕಾಲದವರು ಕಂಡಿದ್ದಾರೆ. ಭದ್ರೆಯ ನೀರು ಲಕ್ಕವಳ್ಳಿಯಲ್ಲಿ ನಿಂತು, ನಾಲೆಯಾಗಿ ಚನ್ನಗಿರಿಯ ತೋಟಗಳಿಗೆ ಬರುವುದು. ಎಲ್ಲಿಯದೋ ಬೆಟ್ಟದ ಮಣ್ಣು ಎಲ್ಲಿಯದೋ ಅಡಕೆಯ ಬುಡಕ್ಕೆ ಸಂಬಂಧಪಡುವುದು ಹೀಗೆ.

ಇನ್ನೊಂದು ಶಬ್ದದ ವಿಚಾರ. ಗುಂಡಿಯಲ್ಲಿ ಇರಿಸುವುದಕ್ಕೆ ನಾನು ಶಿರೋನಾಮದಲ್ಲಿ ‘ನಿಕ್ಷೇಪ’ವೆಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ. ‘ವಿಲೇವಾರಿ’ ಎಂದು ಕಚೇರಿಯ ಕಾಗದಗಳಲ್ಲಿ ಬರೆಯುವುದುಂಟು. ಆ ಶಬ್ದವನ್ನು ಕೇಳಿದರೆ ಕೆಲಸವು ತೀರಿತೆಂಬ ಭಾವನೆ ಬರುವುದು. ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ಬಳಿಕ ಎರಡನೆಯದು ನಿಕ್ಷೇಪ. ಒಬ್ಬನು ನಂಬಿಕೆಯಿಂದ ಇನ್ನೊಬ್ಬನಲ್ಲಿ ಇರಿಸಿದ ವಸ್ತು ಅದು. ಇಟ್ಟುಕೊಂಡವನು ಅದನ್ನು ಕಾಯತಕ್ಕವನು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಅವನಿಗೆ ದೋಷವಿಲ್ಲ, ಅವನ ಉಪೇಕ್ಷೆಯಿಂದ ಹೋದರೆ ಅವನೇ ತೆರಬೇಕು. ದೂಷಿತ ಪಂಕದ ಗುಂಡಿಯು ಈ ಜಾತಿಯದು. ವ್ಯತ್ಯಾಸವೇನೆಂದರೆ, ಅಲ್ಲಿ ಇಟ್ಟವನು ಒಂದು ದಿನ ಬಂದು ಕೇಳುವನು. ಇಲ್ಲಿ ಕೇಳತಕ್ಕವರು ಇನ್ನೂ ಹುಟ್ಟಿಲ್ಲ. ಲೋಹವು ಕೊಳೆಯುವ ವಸ್ತುವಲ್ಲ. ಸೀಸವು ಸೀಸವಾಗಿಯೇ ಇರುವುದು. ಆದ್ದರಿಂದ ಐದು ವರುಷದ ಗುತ್ತಿಗೆಯ ಪರೀಕ್ಷೆಯು ಪರೀಕ್ಷೆಯ ಆರಂಭವೇ ಹೊರತು ಅಂತವಲ್ಲ. ಗುಂಡಿಯ ಸ್ಥಳ, ಆಳ, ಇಳಿಸಿದ ಕೆಸರಿನ ಮೂಲ, ಮುಚ್ಚಳದ ದಪ್ಪ, ವರುಷ ವರುಷದ ಅಂಕಗಳು, ಇವೆಲ್ಲವನ್ನೂ ಸಾರ್ವಜನಿಕರು ಓದುವಂತೆ ಪ್ರಕಟಿಸಬೇಕು. ಕೆರೆಗೆ ಬಿಟ್ಟ ಭೂಮಿಯ ಎಲ್ಲೆಕಟ್ಟನ್ನು ಕಲ್ಲಿನಲ್ಲಿ ಕೆತ್ತಿಸಿದವರ ನಾಡಿನಲ್ಲಿ ಇದು ಅತಿಯಾದ ಬೇಡಿಕೆಯೆಂದು ನನಗೆ ತೋರುವುದಿಲ್ಲ.

ಇಷ್ಟನ್ನು ಓದಿ ತಿಳಿದು, ಕೆಲವು ತಿಂಗಳ ಮೇಲೆ ಆ ರೈತರ ಮನೆಗೆ ಹೋದೆನು. ಸೂಳೆಕೆರೆಯನ್ನು ಬೆಳ್ಳಂದೂರಿನ ಸಾಲಿಗೆ ಸೇರಿಸುವುದು ತಪ್ಪು. ಅದರ ಜಲಾನಯನವು ಬಹುಮಟ್ಟಿಗೆ ಹೊಲ ಗುಡ್ಡ ಹಳ್ಳಿಗಳದು. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರೂ ಅದರಿಂದ ಹೋಗುವುದು. ಗೋಡನ್ನು ಕಂಡು ಹೆದರಬೇಕಾಗಿಲ್ಲವೆಂದು ಹೇಳಿದೆನು. ಆದರೆ ಹೆದರಬೇಕಾಗಿಲ್ಲವೆಂಬುದಕ್ಕೂ ಪರೀಕ್ಷಿಸಬೇಕಾಗಿಲ್ಲವೆಂಬುದಕ್ಕೂ ಅಂತರವುಂಟು. ಪೇಟೆಯ ಚರಂಡಿಯು ಇಳಿಯುವ ಸಣ್ಣ ಕೆರೆಗಳು, ಬಣ್ಣ ಬಳಿದ ಗಣಪತಿಗಳನ್ನು ವರುಷ ವರುಷವೂ ಬಿಡುವ ಕೆರೆಗಳು ಈ ಸೀಮೆಯಲ್ಲಿಯೂ ಇವೆ. ಮೂರ್ತಿವಿಸರ್ಜನೆಯ ವಿಷಯದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೦ರಲ್ಲಿಯೇ ಸೂಚನೆಗಳನ್ನು ಹೊರಡಿಸಿತು; ಬಣ್ಣದಲ್ಲಿಯ ಸೀಸವೂ ಅದಕ್ಕೊಂದು ಕಾರಣ. ಕೋಲಾರ ಜಿಲ್ಲೆಯ ಕೆರೆಗಳಿಗೆ ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಹಳ್ಳಿಯ ಕೆರೆ, ನಗರದ ಕೆರೆ ಎಂಬ ಭೇದವು ಮುಂದೆ ಎಷ್ಟು ದಿನ ನಿಲ್ಲುವುದೋ!

ಅವರು ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಕಾಗದವನ್ನು ತಂದು, “ಇದ್ರಾಗೆ ಐತೇನು ನೋಡ್ರಿ ಶಾಸ್ತ್ರಿಗಳೇ” ಎಂದು ಕೊಟ್ಟರು. ೨೦೧೫ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಅದು. ಹನ್ನೆರಡು ಬಾಬುಗಳಿದ್ದವು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕಗಳಿದ್ದವು. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನುಗಳಿದ್ದವು. ಹುಳಿಯ ಪ್ರಮಾಣ, ಲವಣದ ಪ್ರಮಾಣ, ಸಾವಯವ ಇಂಗಾಲಗಳಿದ್ದವು. ಸೀಸವೂ ಕ್ಯಾಡ್ಮಿಯಮೂ ಪಾದರಸವೂ ಇರಲಿಲ್ಲ. ಬೆಳೆಗೆ ಏನು ಕಡಮೆಯಾಗಿದೆಯೆಂದು ಹೇಳುವುದಕ್ಕೆ ಹುಟ್ಟಿದ ಚೀಟಿಯಾದ್ದರಿಂದ, ಏನು ಹೆಚ್ಚಾಗಿ ಸೇರಿದೆಯೆಂಬುದನ್ನು ಅದು ಕೇಳುವುದೇ ಇಲ್ಲ; ಸತುವನ್ನು ಕೂಡ ಕೊರತೆಯ ದೃಷ್ಟಿಯಿಂದಲೇ ಅಳೆಯುವುದು. ಕೆರೆಗೆ ನೀರು ಇಳಿಯುವ ಬಾಯಿಯಲ್ಲಿ ಒಂದು, ನಡು ಅಂಗಳದಲ್ಲಿ ಒಂದು, ಏರಿಯ ಬುಡದಲ್ಲಿ ಒಂದು, ಗೋಡು ಹೊಡೆಯದ ಹೊಲದಿಂದ ಒಂದು, ಹೀಗೆ ನಾಲ್ಕು ಮಾದರಿಗಳನ್ನು ಕಬ್ಬಿಣದ ಸಲಿಕೆ ತಾಗಿಸದೆ ಮರದ ಕೈಯಿಂದ ತೆಗೆದು, ಸ್ವಚ್ಛವಾದ ಚೀಲಗಳಲ್ಲಿ ತುಂಬಿ ಚೀಟಿ ಕಟ್ಟಬೇಕೆಂದು ಹೇಳಿದೆನು. ಭಾರಲೋಹಗಳನ್ನು ಅಳೆಯುವ ಪ್ರಯೋಗಶಾಲೆಗೆ ಕೊಡುವಾಗ ಯಂತ್ರದ ಎಲ್ಲೆಯನ್ನು ವರದಿಯಲ್ಲಿ ಬರೆಯಿಸಿಕೊಳ್ಳುವುದನ್ನು ಮರೆಯಬಾರದೆಂದೂ ಹೇಳಿ, ಕನ್ನಡದಲ್ಲಿ ಒಂದು ಮನವಿಯನ್ನು ಬರೆದುಕೊಟ್ಟೆನು. ಮುಂದಿನ ಬೇಸಗೆಯಲ್ಲಿ ಕೆರೆಯ ಅಂಗಳ ಒಣಗುವುದನ್ನೇ ಅವರು ಕಾಯುತ್ತಿದ್ದಾರೆ.